ಹಳೇ ಪಾದ್ರಿಯ ಹನ್ನೊಂದು ಮುಖಗಳು

ಮೊದಲ ಎರಡು ತಿಂಗಳು ನಮ್ಮ ತಲೆ ತಿಂದದ್ದು ಒಂದು ನರೂಲಿ. ಸತ್ತು ನೂರೈವತ್ತು ವರ್ಷವಾಗಿದ್ದ ಅಮೆರಿಕದ ಪಾದ್ರಿಯೊಬ್ಬನ ಕೆನ್ನೆಯ ಮೇಲಿನ ನರೂಲಿ ಅದು. ಅವನ ಹನ್ನೊಂದು ಅಚ್ಚಿನ ಚಿತ್ರಗಳು ನಮ್ಮ ಮುಂದಿದ್ದವು. ಆರರಲ್ಲಿ ನರೂಲಿ ಎಡಗೆನ್ನೆಗಿತ್ತು, ನಾಲ್ಕರಲ್ಲಿ ಬಲಗೆನ್ನೆಗೆ, ಒಂದರಲ್ಲಿ ಇರಲೇ ಇಲ್ಲ. ಹೊರಗೆ ನಿಜಾಮರ ರಾಜ್ಯ ಇರುತ್ತದೋ ಹೋಗುತ್ತದೋ ಎಂದು ಜನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಯಾದಗಿರಿಯ ಮಿಷನ್ ಬಂಗಲೆಯ ಉತ್ತರದ ಕೋಣೆಯಲ್ಲಿ ಕೂತು ಭೂತಗನ್ನಡಿಯಲ್ಲಿ ಆ ನರೂಲಿ ನೋಡುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ, ಆಗ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ನಾನು ಅಲ್ಲೇ ಹತ್ತಿರದ ಬಳಿಚಕ್ರದ ಕಡೆಯವನು. ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಬಂಗಲೆಯಲ್ಲಿದ್ದ ಅಮೆರಿಕನ್ ಪಾದ್ರಿಯನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅವರ ತಾಯಿಯ ವಂಶದ ಹಿರಿಯನೊಬ್ಬ, ಅಮೆರಿಕ ಇನ್ನೂ ಹೊಸ ದೇಶವಾಗಿದ್ದಾಗ, ಅಲ್ಲಿಯ ಒಂದು ಚರ್ಚಿನಲ್ಲಿ ಪಾದ್ರಿಯಾಗಿದ್ದನಂತೆ. ಅವನ ಚಿತ್ರಗಳೂ ಇನ್ನೂರು ಚಿಲ್ಲರೆ ಕಾಗದಗಳೂ ಒಂದು ಪೆಟ್ಟಿಗೆಯಲ್ಲಿ ಸಾಹೇಬರ ಜೊತೆ ಯಾದಗಿರಿಗೆ ಬಂದಿದ್ದವು. ಗೆದ್ದಲು ಪೆಟ್ಟಿಗೆಯ ತಳ ಕೊರೆದು ಒಳಗೆ ಹೊಕ್ಕಿತ್ತು.

"ಇವು ನನ್ನವಲ್ಲ, ನಮ್ಮ ದೇಶದವು. ಸರಿಪಡಿಸಿ, ಪಟ್ಟಿ ಮಾಡಿ, ಹಡಗಿಗೆ ಹಾಕಬೇಕು. ಇಲ್ಲಿ ಕಾಲ ಚೆನ್ನಾಗಿಲ್ಲ," ಎಂದರು ಸಾಹೇಬರು. ಅವರ ಕನ್ನಡ ಬೈಬಲಿನದು, ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ.

ಓದಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾಗದ ಸರಿಪಡಿಸಲು ಸುರಪುರದಿಂದ ಒಬ್ಬ ಮುದುಕರನ್ನು ಕರೆಸಿದರು. ಕುರಾನಿಗೂ ಕಚೇರಿಯ ದಫ್ತರಗಳಿಗೂ ರಟ್ಟು ಕಟ್ಟುವುದು ಅವರ ಮನೆತನದ ಕಸುಬು. ಎಲ್ಲರಂತೆ ನಾನೂ ಅವರನ್ನು ಚಾಚಾ ಎಂದೆ. ಬಂದ ದಿನವೇ ಅವರು ಮೈದಾ ಕುದಿಸಿ ಅದಕ್ಕೆ ಹುಳ ಬಾರದಂತೆ ಮೈಲುತುತ್ತ ಬೆರೆಸಿದರು. ಹುಳ ತಿಂದ ತೂತುಗಳಿಗೆ ಹಿಂದಿನಿಂದ ಈರುಳ್ಳಿ ಸಿಪ್ಪೆಯಷ್ಟು ತೆಳು ಕಾಗದ ಹಚ್ಚಿ, ಮೂಳೆಯ ಪಟ್ಟಿಯಿಂದ ತೀಡಿ, ಎರಡು ಹಲಗೆಗಳ ನಡುವೆ ಒತ್ತಿಟ್ಟರು. ಮೈಲುತುತ್ತ ಹೆಚ್ಚಾಗಿ ಎರಡನೆಯ ಚಿತ್ರದ ಮೂಗಿಗೆ ಹಸಿರು ಕಲೆ ಬಿತ್ತು. ನಾನು ಹಾರಾಡಿಬಿಟ್ಟೆ.

"ಪಾದ್ರಿಗಿ ನೆಗಡಿ ಆಗೇದ ಅಂತ ಬರ್ಕೋರಿ," ಎಂದರು ಚಾಚಾ, ತಲೆ ಎತ್ತದೆ.

ನರೂಲಿಯ ಗಂಟು ಬಿಚ್ಚಿದ್ದೂ ಅವರೇ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಕೊರೆದಲ್ಲಿ ಮಸಿ ತುಂಬಿ, ಕಾಗದ ಒತ್ತಿ ತೆಗೆದ ಚಿತ್ರಗಳು ಅವು. ಆರರಲ್ಲಿ ಎಡಗೆನ್ನೆಗಿದೆಯಲ್ಲ, ಅದೇ ಸರಿ ಎಂದು ನಾನು ಕೈ ಎತ್ತಿಸಿ ಎಣಿಸಿದವನ ಹಾಗೆ ತೀರ್ಮಾನ ಮಾಡಿ ನಂಬರು ಹಾಕಿದ್ದೆ. ಚಾಚಾ ಒಂದು ದಿನ ತಮ್ಮ ಬೆರಳಿನ ಮೊಹರಿನ ಉಂಗುರ ತೆಗೆದು ಮಸಿಗದ್ದಿ ಕಾಗದಕ್ಕೆ ಒತ್ತಿದರು. ಉಂಗುರದಲ್ಲಿ ಉಲ್ಟಾ ಇದ್ದ ಹೆಸರು ಕಾಗದದಲ್ಲಿ ಸುಲ್ಟಾ ಬಂತು. "ತಗಡಿನ್ಯಾಗ ಹ್ಯಾಂಗ ಕೊರೀತಾರ, ಕಾಗದದಾಗ ಅದರ ಉಲ್ಟಾ ಬರ್ತದ್ರಿ ಮಾಸ್ತರ. ಒಬ್ಬಾಂವ ಸರಿ ಕೊರದಾನ. ಉಳದವ್ರು ಅವಂದು ನೋಡಿ ಹಂಗೇ ಇಳಸ್ಯಾರ, ಕಳ್ಳರು." ಮುಂದಿನ ವಾರವೇ ನನಗೆ ಆ ಪಾದ್ರಿಯ ಒಂದು ಕಾಗದ ಸಿಕ್ಕಿತು. ದೇವರು ಬಲಗಡೆ ಇಟ್ಟದ್ದನ್ನು ನಿನ್ನ ಕೆಲಸಗಾರ ಎಡಗಡೆಗೆ ಸಾಗಿಸಿದ್ದಾನೆ ಎಂದು ಅಚ್ಚಿನವನಿಗೆ ಬರೆದು ಜಗಳ ತೆಗೆದಿದ್ದ. ನಾನು ಎಲ್ಲ ನಂಬರು ಅಳಿಸಿ ಮತ್ತೆ ಮೊದಲಿನಿಂದ ಹಾಕಿದೆ. ಅಷ್ಟು ಸಂತೋಷ ನನಗೆ ಮೆಟ್ರಿಕ್ ಪಾಸಾದ ದಿನವೂ ಆಗಿರಲಿಲ್ಲ.

ಚಾಚಾ ಅವರದು ಇನ್ನೊಂದು ಚಾಳಿ ಇತ್ತು. ಒಂದೊಂದು ಕಾಗದವನ್ನೂ ಹೊದಿಕೆಯಲ್ಲಿ ಮಡಚಿದ ಮೇಲೆ, ಹೊದಿಕೆಯ ಮೂಲೆಗೆ ಬಿದಿರಿನ ಲೇಖನಿಯಿಂದ ಉರ್ದು ಲಿಪಿಯಲ್ಲಿ 'ಯಾ ಕಬೀಕಜ್' ಎಂದು ಬರೆಯುತ್ತಿದ್ದರು. ಕಬೀಕಜ್ ಎಂದರೆ ಹುಳಗಳ ಬಾದಶಹನಂತೆ. ಅವನ ಹೆಸರಿದ್ದ ಕಾಗದಕ್ಕೆ ಹುಳ ಬಾಯಿ ಹಾಕುವುದಿಲ್ಲವಂತೆ.

"ಹುಳಕ್ಕ ಓದಾಕ ಬರ್ತದೇನು ಚಾಚಾ?"

"ನಿಮ್ಮ ಸಾಲಿ ಹುಡುಗ್ರಕಿಂತ ಛಲೋ ಓದ್ತಾವ."

ಸಾಹೇಬರಿಗೆ ದೂರು ಒಯ್ದೆ. ಅವರು ನಕ್ಕು, ಹೊದಿಕೆಯ ಮೇಲೆ ಬರೆದರೆ ಬರೆಯಲಿ, ಕಾಗದದ ಮೇಲೆ ಬೇಡ ಎಂದರು.

ಬೇಸಿಗೆ ಏರಿದಾಗ ಸಾಹೇಬರು ಕುಟುಂಬ ಸಮೇತ ದಕ್ಷಿಣದ ಗುಡ್ಡಗಳಿಗೆ ಹೋದರು. ಬಂಗಲೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಹೋಗುವಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದು ನಿನ್ನ ಕೈಯಲ್ಲಿದೆ," ಎಂದರು.

ಆ ಹೊತ್ತಿಗೆ ನಿಜಾಮರ ರಾಜ್ಯ ಉಳಿಸುತ್ತೇವೆಂದು ಹೊರಟ ಖಾಕಿ ಅಂಗಿಯವರು ಹಳ್ಳಿಹಳ್ಳಿಗೆ ನುಗ್ಗುತ್ತಿದ್ದರು. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಖಾಕಿಯವರು ಎಂದರೆ ಸಾಕಿತ್ತು. ಒಂದು ಮುಂಜಾನೆ ಏಳೆಂಟು ಜನ ಬಂಗಲೆಗೆ ಬಂದರು. ಇಲ್ಲಿಂದ ಇಂಗ್ಲಿಷಿನಲ್ಲಿ ಕಾಗದ ಬರೆದು ದಿಲ್ಲಿಗೆ ಗುಟ್ಟು ಕಳಿಸುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಮೇಜಿನ ಮೇಲೆ ಇಂಗ್ಲಿಷ್ ಕಾಗದಗಳ ರಾಶಿಯೇ ಇತ್ತು. ಇವು ನೂರೈವತ್ತು ವರ್ಷ ಹಳೆಯವು ಎಂದೆ. ಅವರ ನಾಯಕ ಒಂದು ಕಾಗದ ಎತ್ತಿ ಮೂಸಿದ. ಮೈದಾ ಅಂಟಿನ ವಾಸನೆ ಬಂದಿರಬೇಕು. "ಹಳೇದು? ಇನ್ನಾ ಹಸಿ ಅದ!" ಎಂದು ನನ್ನ ಬಲಗೈ ಹಿಡಿದು ಮೇಜಿಗೆ ಒತ್ತಿದ. ಇನ್ನೊಬ್ಬ ಬಂದೂಕಿನ ಹಿಡಿಯಿಂದ ಬೆರಳುಗಳ ಮೇಲೆ ಹೊಡೆದ. ಮೊದಲ ಏಟಿಗೆ ನೋವಿಗಿಂತ ಸಪ್ಪಳವೇ ಮೊದಲು ಕೇಳಿಸಿತು. ಮೂರನೆಯ ಏಟಿಗೆ ನಾನು ಉಚ್ಚೆ ಹೊಯ್ದುಕೊಂಡೆ. ನಾಚಿಕೆಯಾದರೂ ಹೇಳಬೇಕು, ಆ ಹೊತ್ತಿಗೆ ಯಾರ ಹೆಸರು ಕೇಳಿದ್ದರೂ ಹೇಳಿಬಿಡುತ್ತಿದ್ದೆ.

ಚಾಚಾ ಎದ್ದು ನಿಂತು ಒಂದು ಹೊದಿಕೆ ತಂದು ನಾಯಕನ ಮೂಗಿನ ಕೆಳಗೆ ಹಿಡಿದರು. "ಓದು ಮಗನ. ನಿನಗ ಓದಾಕ ಬರ್ತಿದ್ರ ಓದು. ಯಾ ಕಬೀಕಜ್ ಅಂತ ಬರದೀನಿ. ಗುಟ್ಟಿನ ಕಾಗದಕ್ಕ ಯಾರರ ಹುಳದ ಮಂತ್ರ ಬರೀತಾರೇನು? ನಿಮ್ಮಜ್ಜನ ಕಿತಾಬಕ್ಕೂ ನಮ್ಮಪ್ಪ ಇದನ್ನೇ ಬರದಿರ್ತಾನ, ಹೋಗಿ ನೋಡು."

ನಾಯಕ ಓದಿದ. ಅವನ ಮುಖ ಸಡಿಲಾಯಿತು, ಆಮೇಲೆ ನಗೆಯೂ ಬಂತು. ಹೋಗುವಾಗ ಕಿಟಕಿಯ ಗಾಜುಗಳನ್ನೆಲ್ಲ ಒಡೆದು, ಅಡುಗೆಮನೆಯ ಅಕ್ಕಿ ಚೀಲ ಹೊತ್ತುಕೊಂಡು ಹೋದರು.

ಆಸ್ಪತ್ರೆಯ ಡಾಕ್ಟರರೂ ಊರಲ್ಲಿರಲಿಲ್ಲ. ಚಾಚಾ ರಟ್ಟನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ನನ್ನ ಒಂದೊಂದು ಬೆರಳಿಗೂ ಎರಡು ಪಟ್ಟಿ ಇಟ್ಟು, ಮಲ್ ಬಟ್ಟೆ ಸುತ್ತಿ, ಮೇಲೆ ಅದೇ ಮೈದಾ ಅಂಟು ಸವರಿದರು. ನಾನು ಕೂಗಿಕೊಂಡೆ. "ಸುಮ್ಕಿರ್ರಿ. ಪುಸ್ತಕ ಎಂದರ ಒದರ್ತದೇನು?" ಎಂದರು. ಎರಡು ಬೆರಳು ನೆಟ್ಟಗಾದವು, ಇನ್ನೆರಡು ಸೊಟ್ಟಗೇ ಉಳಿದವು. ಇವತ್ತಿಗೂ ಆ ಕೈಯಲ್ಲಿ ನನಗೆ ಸೀಮೆಸುಣ್ಣ ಹಿಡಿಯಲಾಗುವುದಿಲ್ಲ.

ಪಟ್ಟಿ ಇನ್ನೂ ಅರ್ಧವೇ ಆಗಿತ್ತು. ನನಗೆ ಬರೆಯಲು ಬರುವಂತಿರಲಿಲ್ಲ. ನಾನು ಹೇಳುವುದು, ಚಾಚಾ ಅದನ್ನು ಪಟ್ಟಿಯಲ್ಲೂ ಹೊದಿಕೆಯ ಮೇಲೂ ಬರೆಯುವುದು ಎಂದು ಗೊತ್ತು ಮಾಡಿಕೊಂಡೆವು. ಚಾಚಾಗೆ ಇಂಗ್ಲಿಷ್ ಬರದು, ಕನ್ನಡ ಮಾತಾಡುತ್ತಾರೆ, ಬರೆಯುವುದು ಉರ್ದು ಒಂದೇ. ನನಗೂ ಉರ್ದು ಬರುತ್ತಿತ್ತು. ನಮ್ಮ ಕಾಲದಲ್ಲಿ ಶಾಲೆ, ಕಚೇರಿ, ಕೋರ್ಟು ಎಲ್ಲ ಅದರಲ್ಲೇ ನಡೆಯುತ್ತಿತ್ತು. ಕೈ ಸರಿಯಾದ ಮೇಲೆ ಇಂಗ್ಲಿಷಿಗೆ ಇಳಿಸಿದರಾಯಿತು ಎಂದುಕೊಂಡೆ. ಹೀಗೆ ಮಳೆಗಾಲ ಮುಗಿಯುವ ಹೊತ್ತಿಗೆ ಆ ಅಮೆರಿಕದ ಪಾದ್ರಿಯ ಹನ್ನೊಂದು ಮುಖಗಳೂ ಕೊನೆಯ ಎರಡು ಬಿಟ್ಟು ಉಳಿದ ಕಾಗದಗಳೆಲ್ಲವೂ ಉರ್ದು ಬರಹ ಹೊತ್ತ ಹೊದಿಕೆಗಳಲ್ಲಿ ಮಲಗಿದ್ದವು. ಚಿತ್ರ ಏಳು, ಮುಖ ಬಲಕ್ಕೆ, ನರೂಲಿ ಬಲಗೆನ್ನೆಗೆ. ಚಿತ್ರ ಎಂಟು, ಏಳರ ಕಳ್ಳ ನಕಲು. ಕಳ್ಳ ಎಂಬುದು ಚಾಚಾ ಅವರ ಸೇರ್ಪಡೆ.

ಆಮೇಲೆ ಹಿಂದೂಸ್ತಾನದ ಫೌಜು ಬಂತು. ನಾಲ್ಕೈದು ದಿನಗಳಲ್ಲಿ ಎಲ್ಲ ಮುಗಿದು ನಿಜಾಮರು ಶರಣಾದರು ಎಂದು ಸ್ಟೇಶನ್ನಿನ ರೇಡಿಯೋದಲ್ಲಿ ಬಂತಂತೆ. ಜನ ಬೀದಿಗಿಳಿದು ಕುಣಿದರು. ನಾನೂ ಕುಣಿದೆ, ಸೊಟ್ಟ ಬೆರಳುಗಳನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಖಾಕಿಯವರು ಅಂಗಿ ಬಾವಿಗೆಸೆದು ಓಡಿಹೋಗಿದ್ದರು. ಓಡಿಹೋದವರು ಕೈಗೆ ಸಿಗಲಿಲ್ಲ, ಮನೆಯಲ್ಲಿ ಉಳಿದವರು ಸಿಕ್ಕರು. ಹಳ್ಳಿಗಳಿಂದ ಗುಂಪುಗಳು ಹೊರಟವು. ಶಹಾಪುರದಲ್ಲಿ ಅಂಗಡಿಗಳು ಉರಿಯುತ್ತಿವೆ, ಸುರಪುರದ ರಸ್ತೆಯಲ್ಲಿ ಹೆಣ ಬಿದ್ದಿವೆ ಎಂದು ಸುದ್ದಿ ಬಂತು.

ಚಾಚಾ ಚೀಲ ಕಟ್ಟಿಕೊಂಡು ಎದ್ದರು. ಸುರಪುರದಲ್ಲಿ ಅವರ ಮಗಳೂ ಅಳಿಯನೂ ಇದ್ದರು. "ಹೊಂಟೀನ್ರಿ. ಅಕಿ ಒಬ್ಬಾಕೇ ಮಗಳ ನನಗ."

"ಭೀಮಾ ತುಂಬ್ಯಾಳ, ಹರಗೋಲ ನಿಂತಾವ. ದಾಟಿದ್ರೂ ಆ ದಂಡಿಗೇ ಕಡೀತಾರ ನಿಮ್ಮನ್ನ. ಒಳಗ ನಡೀರಿ," ಎಂದು ಅವರನ್ನು ಅಡುಗೆಮನೆಯ ಹಿಂದಿನ ಕಟ್ಟಿಗೆ ಕೋಣೆಗೆ ಬಹುತೇಕ ದಬ್ಬಿದೆ. ಮರುದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಹೊರಗೆ ಬಂದು ಕೊನೆಯ ಎರಡು ಹೊದಿಕೆ ಬರೆದರು. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ ಎಂದರು. ಬೇಡವೆನ್ನಬೇಕಿತ್ತು. ಪೆಟ್ಟಿಗೆ ಮುಗಿದುಹೋಗಲಿ ಎಂಬ ಆಸೆ ನನಗೂ ಇತ್ತು, ಬರೆಸಿಬಿಟ್ಟೆ. ಗದ್ದಲ ಕೇಳಿಸಿದಾಗ ಅವರನ್ನು ಒಳಗೆ ಹಾಕಿ ಹೊರಗಿನಿಂದ ಬೀಗ ಹಾಕಿದೆ.

ಬಂಗಲೆಯ ಎದುರಿನ ಬೇವಿನ ಮರದ ಕೆಳಗೆ ಒಬ್ಬ ಮುಸಲ್ಮಾನ ದರ್ಜಿ ಕೂರುತ್ತಿದ್ದ. ನಮ್ಮ ಶಾಲೆಯ ಹುಡುಗಿಯರ ಲಂಗ ಹೊಲಿಯುವವನು. ಯಾವ ಪಕ್ಷದವನೂ ಅಲ್ಲ, ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ ಎಂಬುದೊಂದೇ ಅವನ ದೂರು. ಗುಂಪು ಅವನನ್ನು ಮರದ ಪಕ್ಕದ ಮನೆಯೊಳಗಿನಿಂದ ಕಾಲು ಹಿಡಿದು ಎಳೆದು ತಂದಿತು. ಅವನು ಹೊಸಿಲನ್ನು ಹಿಡಿದುಕೊಂಡಿದ್ದ. ಒಬ್ಬ ಅವನ ಕೈಯನ್ನು ಮೆಟ್ಟಿದ, ಇನ್ನೊಬ್ಬ ಕೊಡಲಿ ಎತ್ತಿದ. ಮೊದಲ ಏಟು ಹೆಗಲಿಗೆ ಬಿತ್ತು, ಅವನು ಎದ್ದು ಕೂತು ಏನೋ ಹೇಳಲು ಬಾಯಿ ತೆರೆದ. ಎರಡನೆಯದು ಕುತ್ತಿಗೆಗೆ. ಒಡೆದ ಕಿಟಕಿಯ ಹಿಂದೆ ನಿಂತು ನಾನು ಎಲ್ಲವನ್ನೂ ನೋಡಿದೆ. ಹೊರಗೆ ಹೋಗಲಿಲ್ಲ. ಹೋಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದ್ದಾರೆ. ಹೋಗಲಿಲ್ಲ ಎಂಬುದಂತೂ ನಿಜ.

ಗುಂಪಿನ ಮುಂದೆ ಇದ್ದವನು ನಮ್ಮ ಸೀಮೆಯ ಒಂದು ಹಳ್ಳಿಯ ಪಾಟೀಲ. ಅವನ ತಮ್ಮನನ್ನು ಖಾಕಿಯವರು ಬೇಸಿಗೆಯಲ್ಲಿ ಕಣದಲ್ಲಿ ಗುಂಡಿಕ್ಕಿ ಕೊಂದಿದ್ದರು. ಅವನ ಇಬ್ಬರು ಮಕ್ಕಳು ನನ್ನ ಶಾಲೆಯಲ್ಲಿ ಓದುತ್ತಿದ್ದರು. ಕೊಡಲಿ ಎತ್ತಿದ್ದು ಅವನ ಆಳು, ಎತ್ತು ಎಂದದ್ದು ಅವನು.

ಬಾಗಿಲು ಒದ್ದು ಒಳಗೆ ಬಂದರು. ಇಪ್ಪತ್ತು ಜನರಿರಬಹುದು. ಒಬ್ಬ ಕೊಡಲಿಯ ಹಿಡಿಯಿಂದ ನನ್ನ ಕಿವಿಯ ಮೇಲೆ ಹೊಡೆದ, ಕೆಳಗೆ ಬಿದ್ದೆ. ಆ ಕಿವಿ ಇಂದಿಗೂ ಅರ್ಧ ಮಂದ.

"ಅವ ನಮ್ಮ ಮಾಸ್ತರ, ಬಿಡು," ಎಂದ ಪಾಟೀಲ. ನನ್ನನ್ನು ಎಬ್ಬಿಸಿ ನಿಲ್ಲಿಸಿದ. "ಇಲ್ಲೊಬ್ಬ ಮುದುಕ ತುರಕ ಅದಾನಂತ. ಎಲ್ಲಿಟ್ಟೀರಿ ಮಾಸ್ತರ?"

"ಹ್ವಾದ್ರಿ ಗೌಡ್ರ. ನಿನ್ನೇನೇ ಸುರಪುರಕ್ಕ ಹ್ವಾದ."

ಪಾಟೀಲ ಮೇಜಿನ ಹತ್ತಿರ ಹೋಗಿ ಮೇಲಿದ್ದ ಹೊದಿಕೆಯ ಬರಹದ ಮೇಲೆ ಬೆರಳು ಎಳೆದ. ಬೆರಳು ಕಪ್ಪಾಯಿತು. ಅದನ್ನು ನನ್ನ ಕಣ್ಣ ಮುಂದೆ ಹಿಡಿದ. "ಹಸಿ ಅದ. ಬರದವ್ರು ಯಾರು?"

"ನಾನೇ ಬರದೀನ್ರಿ."

ಅವನು ನನ್ನ ಬಲಗೈ ಎತ್ತಿ ಸೊಟ್ಟ ಬೆರಳುಗಳನ್ನು ನೋಡಿದ. "ಈ ಕೈಲೇ?" ಎಂದ. ಲೇಖನಿ ತೆಗೆದು ಬೆರಳುಗಳ ನಡುವೆ ಸಿಕ್ಕಿಸಿದ. ಅದು ನೆಲಕ್ಕೆ ಬಿತ್ತು.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ. "ಗೌಡ್ರ, ಇಲ್ಲೊಂದು ಕಟ್ಟಿಗಿ ಖೋಲಿ ಅದ. ಹೊರಗಿಂದ ಕೀಲಿ ಹಾಕ್ಯಾರ. ಒಡೀಲೇನು?"

ಆ ಕ್ಷಣದಲ್ಲಿ ನನಗೆ ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇವರಿಗೆ ಏನಾದರೂ ಬೇಕು, ಏನನ್ನಾದರೂ ಕೊಡದೆ ಇವರು ಹೋಗುವುದಿಲ್ಲ ಎಂಬುದೊಂದು ಮಾತ್ರ ಹೊಳೆಯಿತು. ನನ್ನ ಹತ್ತಿರ ಕೊಡಲು ಇದ್ದದ್ದು ಎರಡೇ. ಒಂದು ಸೊಂಟದಲ್ಲಿತ್ತು, ಇನ್ನೊಂದು ಮೇಜಿನ ಮೇಲೆ.

"ಅಲ್ಲೇನದರಿ, ಮಣ್ಣು!" ಎಂದು ಕಿರುಚಿದೆ. "ನಿಮಗ ಬೇಕಾದ್ದು ಇಲ್ಲಿ ಅದ! ಇವೆಲ್ಲಾ ಖಾಕಿಯವ್ರ ಕಾಗದ. ಸಾಹೇಬ್ರಿಲ್ಲಂತ ತಂದು ಇಲ್ಲಿ ಹುಗದಿಟ್ಟಾರ. ನೋಡ್ರಿ, ಬರೇ ಉರ್ದು. ನನ್ನ ಕೈ ಮುರದವ್ರ ಕಾಗದ ಇವು, ನಾನೇ ಸುಡ್ತೀನಿ!"

ಮೇಜಿನ ಮೇಲಿದ್ದವನ್ನು ಪೆಟ್ಟಿಗೆಗೆ ಬಾಚಿ ಹಾಕಿ, ಪೆಟ್ಟಿಗೆಯನ್ನು ನಾನೇ ಎಳೆದೆ. ಭಾರವಾಗಿತ್ತು. ಇಬ್ಬರು ಬಂದು ಕೈ ಹಚ್ಚಿದರು. ಬೀಗದ ಹತ್ತಿರ ಇದ್ದವನೂ ಏನು ನಡೆದಿದೆ ನೋಡಲು ಅಂಗಳಕ್ಕೆ ಬಂದ. ಪೆಟ್ಟಿಗೆಯನ್ನು ಅಂಗಳದಲ್ಲಿ ಮಗುಚಿದರು, ಯಾರೋ ಕಂದೀಲಿನ ಎಣ್ಣೆ ಸುರಿದರು. ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟರು.

ಎರಡು ಕಡ್ಡಿ ಆರಿಹೋದವು. ಎಡಗೈಯಲ್ಲಿ ಗೀರುವುದು ರೂಢಿಯಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಅದಷ್ಟೇ ಅಲ್ಲ. ಚಿತ್ರ ಏಳರ ಹೊದಿಕೆ ರಾಶಿಯ ಮೇಲೇ ಇತ್ತು, ನಾನು ಅದನ್ನು ನೋಡುತ್ತಿದ್ದೆ. ಕಟ್ಟಿಗೆ ಕೋಣೆಯಲ್ಲಿ ಒಬ್ಬ ಮನುಷ್ಯ ಉಸಿರು ಬಿಗಿ ಹಿಡಿದು ಕೂತಿದ್ದಾಗ ನಾನು ಒಂದು ಕಾಗದಕ್ಕಾಗಿ ಕಡ್ಡಿ ಆರಿಸಿದೆ. ಅದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮೂರನೆಯದು ಹತ್ತಿತು, ರಾಶಿಯ ಅಂಚಿಗೆ ಬೆಂಕಿ ಹಿಡಿಯಿತು.

ಬೆಂಕಿ ಮೇಲೇರುವ ಮೊದಲೇ ಪಾಟೀಲ ಬಗ್ಗಿ ಚಿತ್ರ ಏಳರ ಹೊದಿಕೆಯನ್ನೇ ಎತ್ತಿಕೊಂಡ. ಆಗ ನನಗೆ ನೆನಪಾಯಿತು: ಪಾಟೀಲಕಿಯ ಲೆಕ್ಕಪತ್ರ, ಹುಕುಂ, ಎಲ್ಲ ಉರ್ದುವಿನಲ್ಲೇ ಬರುತ್ತಿದ್ದವು. ಅವನಿಗೆ ನನ್ನಷ್ಟೇ ಉರ್ದು ಬರುತ್ತದೆ. ಉಳಿದವರಿಗೆ ಬರದು. ಅವನು ಓದತೊಡಗಿದ. ಒಮ್ಮೆ ಓದಿ, ಮತ್ತೊಮ್ಮೆ ಓದಿದ. ಹಳೇ ಪಾದ್ರಿ, ಚಿತ್ರ ಏಳು, ಮುಖ ಬಲಕ್ಕೆ, ನರೂಲಿ ಬಲಗೆನ್ನೆಗೆ, ಯಾ ಕಬೀಕಜ್. ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಕಟ್ಟಿಗೆ ಕೋಣೆಯ ಬೀಗವನ್ನು ನೋಡಿದ.

"ಏನ್ ಬರದದ್ರಿ ಗೌಡ್ರ?" ಎಂದ ಕೊಡಲಿಯವನು.

"ನಮ್ಮ ಮಂದಿ ಹೆಸರ ಬರದಾರ," ಎಂದ ಪಾಟೀಲ, ಎಲ್ಲರಿಗೂ ಕೇಳುವಂತೆ. "ಯಾರ್ಯಾರನ್ನ ಕೊಲ್ಲಬೇಕಂತ. ನನ್ನ ತಮ್ಮನ ಹೆಸರೂ ಅದ." ಹೊದಿಕೆಯನ್ನು ಬೆಂಕಿಗೆ ಎಸೆದ.

ಗುಂಪು ಹುಚ್ಚೆದ್ದು ಕೂಗಿತು. ಕಾಗದಗಳನ್ನು ಕೊಡಲಿಯಿಂದ ಕೆದಕಿ ಕೆದಕಿ ಸುಟ್ಟರು. ಹಳೆಯ ಚಿಂದಿಬಟ್ಟೆಯ ಕಾಗದ ಅದು, ಬೇಗ ಉರಿಯುವುದಿಲ್ಲ. ಹೊದಿಕೆ ಸುಟ್ಟು ಸುರುಳಿಯಾಗಿ ಬಿಚ್ಚಿಕೊಂಡಾಗ ಒಳಗಿನ ಮುಖ ಹೊರಗೆ ಬಂತು. ಬೂದಿಯಾದ ಮೇಲೂ ಅಚ್ಚಿನ ಗೆರೆಗಳು ಸ್ವಲ್ಪ ಹೊತ್ತು ಬೆಳ್ಳಗೆ ಹೊಳೆದವು, ಕಣ್ಣು, ಮೂಗು, ಕೊರಳಪಟ್ಟಿ.

"ಇದ್ಯಾರ ಮಾರಿ ಗೌಡ್ರ? ಬಿಳೇ ಮನಿಷ್ಯಾ ಇದ್ದಂಗ ಅದಾನ."

"ಅವರ ದೊರಿ ಇರಬೇಕು. ಸುಡ್ಲಿ ಬಿಡು."

ಬಂಗಲೆಯ ಗೇಟಿನ ಹತ್ತಿರ ಇನ್ನೊಂದು ಗುಂಪು ಬರುತ್ತಿತ್ತು. ಪಾಟೀಲ ತನ್ನವರನ್ನು ಕರೆದುಕೊಂಡು ಹೋಗಿ ಅವರನ್ನು ತಡೆದ. "ಇಲ್ಲೇನೂ ಉಳದಿಲ್ಲ. ಆ ರಟ್ಟು ಕಟ್ಟೋ ಮುದುಕನ್ನೂ ಕಾಗದದ ಜೋಡಿ ಸುಟ್ವಿ. ಮುಂದ ನಡೀರಿ," ಎಂದು ಕೂಗಿದ್ದು ನನಗೆ ಕೇಳಿಸಿತು. ಬದುಕಿದೆವು ಎಂದು ಅಲ್ಲೇ ಬೂದಿಯ ಪಕ್ಕದಲ್ಲಿ ಕೂತೆ. ಅವರು ಮುಂದೆಯೇ ನಡೆದರು. ಸ್ವಲ್ಪ ಹೊತ್ತಿಗೆ ಮುಂದಿನ ಓಣಿಯಿಂದ ಹೊಗೆಯೂ ಹೆಂಗಸರ ಕೂಗೂ ಎದ್ದವು. ಆ ಪಾಟೀಲ ಬಹಳ ವರ್ಷ ಬದುಕಿದ. ಎದುರಾದಾಗಲೆಲ್ಲ ನಾನು ನಮಸ್ಕಾರ ಮಾಡುತ್ತಿದ್ದೆ, ಮಾಡುವಾಗಲೆಲ್ಲ ಹೇಸಿಗೆಯಾಗುತ್ತಿತ್ತು.

ಸಂಜೆಯ ಹೊತ್ತಿಗೆ ಬೀಗ ತೆಗೆದೆ. ಚಾಚಾ ಹೊರಗೆ ಬಂದು ಅಂಗಳ ನೋಡಿದರು.

"ಎಲ್ಲಾ?"

"ಎಲ್ಲಾ."

"ಪಟ್ಟಿನರ ಉಳಸಬೇಕಿತ್ರಿ ಮಾಸ್ತರ."

ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು. "ಹಸಿ ಮಸಿ ಇಟ್ಟವ್ರು ನೀವು! ಹುಳದ ಮಂತ್ರ ಬರದವ್ರು ನೀವು! ನಾ ಏನ್ ಏನ್ ಉಳಸ್ಲಿ?" ಎಂದು ಅವರ ಮೇಲೆ ಹಾಯ್ದೆ. ಅವರೂ ಬಿಡಲಿಲ್ಲ. "ನನ್ನ ಕೇಳಲಾರದ ಯಾಕ ಸುಟ್ರಿ? ನನಗ ಎಪ್ಪತ್ತಾತು. ಆ ಕಾಗದಕ್ಕ ಇನ್ನಾ ನೂರ್ ವರ್ಷ ಆಯುಷ್ಯ ಕೊಟ್ಟಿದ್ದೆ ನಾನು!" ಹೊರಗೆ ದರ್ಜಿಯ ಹೆಣ ಇನ್ನೂ ಬೇವಿನ ಕೆಳಗೇ ಇತ್ತು. ನಾವಿಬ್ಬರು ಕಾಗದದ ಸಲುವಾಗಿ ಜಗಳಾಡಿ, ಆಮೇಲೆ ಇಬ್ಬರೂ ಅತ್ತೆವು. ಕತ್ತಲಾಗುವ ಮೊದಲು ದರ್ಜಿಯನ್ನು ಬಂಗಲೆಯ ಹಿತ್ತಲಲ್ಲಿ ಮಣ್ಣು ಮಾಡಿದೆವು. ಅಗೆದದ್ದು ಹೆಚ್ಚು ಚಾಚಾ ಅವರೇ, ನನ್ನ ಕೈಗೆ ಸಲಿಕೆ ನಿಲ್ಲುತ್ತಿರಲಿಲ್ಲ.

ಆರನೆಯ ದಿನ ಸಾಹೇಬರ ತಾರು ಬಂತು. ಪೆಟ್ಟಿಗೆ ಸುರಕ್ಷಿತವೇ ಎಂದಷ್ಟೇ ಇತ್ತು. ಎಡಗೈಯಲ್ಲಿ ಅರ್ಧ ದಿನ ಕೂತು ಉತ್ತರ ಬರೆದೆ: ಪೆಟ್ಟಿಗೆಯನ್ನು ನಾನೇ ಸುಟ್ಟೆ, ಚಾಚಾ ಬದುಕಿದ್ದಾರೆ. ಬಹಳ ದಿನಗಳ ಮೇಲೆ ಬಂದ ಅವರ ಕಾಗದದಲ್ಲಿ ಬೈಗುಳ ಇರಲಿಲ್ಲ, ಸರಿಯಾದುದನ್ನೇ ಮಾಡಿದಿ ಎಂದು ಬೈಬಲಿನ ಕನ್ನಡದಲ್ಲಿ ಬರೆದಿದ್ದರು. ಮರುವರ್ಷ ನನ್ನನ್ನು ಗುರುಮಠಕಲ್ಲಿನ ಶಾಲೆಗೆ ವರ್ಗ ಮಾಡಿದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರಾಗಿಯೇ ಎರಡು ಸಲ ಹೇಳಿದರು.

ಎಂಟನೆಯ ದಿನ ಅಂಬಿಗರು ಹರಿಗೋಲು ಬಿಟ್ಟರು. ಚಾಚಾ ಅವರನ್ನು ಮನೆಗೆ ಮುಟ್ಟಿಸದ ಹೊರತು ನನ್ನ ಕೆಲಸ ಮುಗಿಯುವುದಿಲ್ಲ ಎನಿಸಿತ್ತು. ಅವರಿಗೆ ನನ್ನ ಧೋತರ ಉಡಿಸಿದೆ. ಗಡ್ಡ ತೆಗೆಸಲು ಒಪ್ಪಲಿಲ್ಲ. ಮುಖದ ಸುತ್ತ ರುಮಾಲು ಬಿಗಿದು, ಕೇಳಿದವರಿಗೆಲ್ಲ ಹಲ್ಲುನೋವು ಎಂದು ಹೇಳಿದೆ. ಆಚೆ ದಂಡೆಯಲ್ಲಿ ಗುರುತಿನವನ ಗಾಡಿ ಸಿಕ್ಕಿತು. ಶಹಾಪುರದ ಅಂಗಡಿಗಳ ಬಾಗಿಲುಗಳು ಸುಟ್ಟು ಬರೀ ಚೌಕಟ್ಟುಗಳು ನಿಂತಿದ್ದವು. ಒಂದು ಬಾವಿಯ ಹತ್ತಿರ ಎತ್ತುಗಳು ಮುಂದೆ ಹೋಗಲು ಒಪ್ಪಲಿಲ್ಲ, ಗಾಡಿಯವನು ಮೂಗು ಮುಚ್ಚಿಕೊಂಡು ಹೊಲದೊಳಗಿಂದ ಹೊಡೆದ. ಚಾಚಾ ದಾರಿಯುದ್ದಕ್ಕೂ ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದರು.

ಹತ್ತನೆಯ ದಿನ ಮಧ್ಯಾಹ್ನ ಸುರಪುರ ಮುಟ್ಟಿದೆವು. ಗುಡ್ಡದ ಕೆಳಗಿನ ಓಣಿಯಲ್ಲಿ ಮಗಳ ಮನೆ. ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ಲೋಬಾನದ ಹೊಗೆ ಬರುತ್ತಿತ್ತು. ನಾಲ್ಕೈದು ಹೆಂಗಸರು ಗೋಡೆಗೊರಗಿ ಕೂತಿದ್ದರು. ಗಂಡಸರೆಂದರೆ ಒಬ್ಬ ಮುದಿ ಮುಲ್ಲಾ ಮಾತ್ರ. ಅವರು ಮುಂದೆ ಇಟ್ಟ ಅನ್ನ, ದಾಲ್ಚಾಗಳ ಮೇಲೆ ಫಾತಿಹಾ ಓದಿ ಆಗಷ್ಟೇ ಮುಗಿಸಿದ್ದರು. ಚಾಚಾ ರುಮಾಲು ಬಿಚ್ಚಿದರು. ಒಬ್ಬಳು ಚಿಟ್ಟನೆ ಚೀರಿದಳು. ಮಗಳು ಚೀರಲಿಲ್ಲ. ಎದ್ದು ಬಂದು ಅಪ್ಪನ ಗಡ್ಡ ಮುಟ್ಟಿದಳು, ತೋಳು ಮುಟ್ಟಿದಳು, ಹಿಂಡಿ ನೋಡಿದಳು.

"ನಿಮ್ಮನ್ನ ಯಾದಗಿರಿಯಾಗ ಸುಟ್ರಂತ ಬಂದು ಹೇಳಿದ್ರು ಅಬ್ಬಾ," ಎಂದಳು. "ಇವತ್ತ ದಸವಾ."

ದಸವಾ ಎಂದರೆ ಸತ್ತವರ ಹತ್ತನೆಯ ದಿನದ ಊಟ. ಚಾಚಾ ನೆಲದ ಮೇಲೆ ನೋಡಿದರು. ಪಕ್ಕಪಕ್ಕದಲ್ಲಿ ಎರಡು ತಾಟುಗಳಿದ್ದವು.

"ಎರಡನೇದು ಯಾರದವ್ವಾ?"

ಅವಳು ಗಂಡನ ಹೆಸರು ಹೇಳಲಿಲ್ಲ. "ನಿಮ್ದೂ ಅವರ್ದೂ ಕೂಡೇ ಮಾಡೀವಿ," ಎಂದಳು.

ಚಾಚಾ ಬಾಗಿಲಲ್ಲೇ ಕುಸಿದರು. ನಾನು ಹಿಡಿಯಲು ಹೋದೆ, ನನ್ನ ಕೈಯಲ್ಲಿ ಬಲವಿರಲಿಲ್ಲ. ಅವಳೇ ಅಪ್ಪನನ್ನು ಎತ್ತಿ ಒಳಗೆ ತಂದು ಕೂಡಿಸಿ, ತಂಬಿಗೆಯಿಂದ ಕೈಗೆ ನೀರು ಹಾಕಿದಳು. ಒಂದು ತಾಟು ಅವರ ಮುಂದೆ ಸರಿಸಿದಳು.

"ನಿಮ್ಮ ಪಾಲಿಂದು ನೀವು ಬಂದು ಉಣ್ಣಾಕತ್ತೀರಿ," ಎಂದಳು. ಇನ್ನೊಂದು ತಾಟನ್ನು ಎತ್ತಿಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಅದನ್ನು ತಂದು ನನ್ನ ಮುಂದೆ ಇಟ್ಟಳು.